ಕಾಲು ನನ್ನದು, ಬಂದೂಕು ಅವರದು

ಈ ಮಾತನ್ನು ಬರೆಯಲು ಕುಳಿತು, ಏನೋ ನೆವ ಹೇಳಿ ಎದ್ದು ಹೋದದ್ದು ಬಹಳ ಸಲ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ. ಇನ್ನೊಮ್ಮೆ ಮಗಳು ಓದಿ ನಕ್ಕಾಳು ಎಂದುಕೊಂಡೆ. ಹೈಸ್ಕೂಲು ಮುಗಿಸಿದವನೇ ಬೆಟಗೇರಿಯ ಛಾಪಖಾನೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸಲು ನಿಂತವನು ನಾನು. ಕೂದಲು ಬೆಳ್ಳಗಾದದ್ದೂ ಅಲ್ಲಿಯೇ. ಮಂದಿಯ ಲಗ್ನಪತ್ರಿಕೆಯಲ್ಲಿ ಒಂದು ಕಾಗುಣಿತ ತಪ್ಪಿದರೂ ಊಟ ಬಿಟ್ಟು ತಿದ್ದುತ್ತಿದ್ದೆ. ನನ್ನ ಒಂದು ತಪ್ಪನ್ನು ಮಾತ್ರ ತಿದ್ದದೆ ಇಟ್ಟುಕೊಂಡೆ. ಅದು ನಡೆದದ್ದು ಕಂಪ್ಯೂಟರ್ ಆಟವೊಂದರಲ್ಲಿ. ನಿಮಗೆ ನಗು ಬಂದರೆ ನಕ್ಕುಬಿಡಿ, ಅದು ನಗುವಂಥ ಮಳೆಗಾಲವೇ ಆಗಿತ್ತು.

ಈಗ ನಾನು ಲಕ್ಷ್ಮೇಶ್ವರದಲ್ಲಿ ಮಗಳ ಮನೆಯಲ್ಲಿದ್ದೇನೆ. ಕೆಲವು ದಿನಗಳ ಹಿಂದೆ ರೇಷನ್ ಕಾರ್ಡಿಗೆ ಹೆಬ್ಬೆರಳು ಒತ್ತಲು ಬಜಾರದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ನನ್ನ ಪಾಳಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಪೆಟ್ಟಿಗೆ ಕೀಂ ಕೀಂ ಎಂದು ಕೂಗತೊಡಗಿತು. ಅದರ ಜೊತೆಗೆ ಬಿಸಿಯಾದ ಧೂಳಿನ ವಾಸನೆ. ಪಕ್ಕದಲ್ಲಿ ಯಾರೋ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು, ನಾನು ನೇರವಾಗಿ ಗದಗಿನ ಆ ಮಾಳಿಗೆಯ ಕೋಣೆಯಲ್ಲಿರುತ್ತಿದ್ದೆ.

ಗದಗ ಬೇರೆ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ. ಛಾಪಖಾನೆಗೆ ಆಫ್‌ಸೆಟ್ ಯಂತ್ರ ಬಂದು ನಮ್ಮ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿದ್ದವು. ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಕೀಲಿ ತೆಗೆಯುವುದು, ಕಸ ಗುಡಿಸುವುದು, ಊದಿನಕಡ್ಡಿ ಹಚ್ಚುವುದು, ನೀರು ತುಂಬುವುದು. ಸೆಂಟರಿನ ಒಡತಿ ಶಿವಲೀಲಾ ಮೇಡಂ. ಅವರ ತಂದೆಯ ಕಾಲದಲ್ಲಿ ಅದು ಟೈಪಿಂಗ್ ಕ್ಲಾಸು ಆಗಿತ್ತಂತೆ. ಮೇಡಂ ದಿನಾಲೂ ಶಿರಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಅವರು ಬರುವ ತನಕ ಆ ಕೋಣೆಗೆ ನಾನೇ ರಾಜ. ಆದರೆ ರಾಜನಿಗೂ ಒಂದು ಕಟ್ಟಳೆ ಇತ್ತು. ಅವರಿಲ್ಲದಾಗ ಒಂದು ಕಂಪ್ಯೂಟರನ್ನೂ ಚಾಲೂ ಮಾಡಬಾರದು. ಹಿಂದೊಮ್ಮೆ ಯಾರೋ ಹೀಗೆ ಮಾಡಿದಾಗ, ಹೋದ ಕರೆಂಟು ರಭಸದಿಂದ ತಿರುಗಿ ಬಂದು ಒಂದು ಯಂತ್ರ ಸುಟ್ಟು ಕರಕಲಾಗಿತ್ತು. "ಕಾಕಾ, ನಿಮ್ಮನ್ನ ನಂಬಿ ಕೀಲಿ ಕೊಟ್ಟೇನಿ. ಇದೊಂದ ಮಾತು ತಪ್ಪಿದ್ರ ಕೀಲಿ ಇಸಕೊಂಡು ಬಿಡ್ತೀನಿ ನೋಡ್ರಿ," ಎಂದಿದ್ದರು. ಕೀಲಿ ಹೋದರೆ ನನ್ನ ಕೆಲಸವೂ ಹೋದಂತೆ.

ಮೆಟ್ಟಿಲ ಬುಡದಲ್ಲಿ ಒಂದು ಟೇಲರಿಂಗ್ ಅಂಗಡಿ. ಅದರ ಮಾಲಕರನ್ನು ಓಣಿಯವರೆಲ್ಲ ಟೇಲರ್ ಮಾಮಾ ಎನ್ನುತ್ತಿದ್ದರು. ಮುಂಡರಗಿ ಕಡೆಯವರು, ನನಗಿಂತ ನಾಲ್ಕಾರು ವರ್ಷ ಹಿರಿಯರು. ತೆಳ್ಳಗಿನ ಮೈ, ಕಿವಿಯ ಮೇಲೆ ಯಾವಾಗಲೂ ಒಂದು ಚೂರು ಸೀಮೆಸುಣ್ಣ. ಕಾಜು ಗುಂಡಿ ಎಲ್ಲ ಆದ ಮೇಲೂ ಅಂಗಿಯನ್ನು ತಿರುವಿ ಹಾಕಿ, ಒಳಗೆ ಒಂದು ದಾರದ ತುದಿ ಉಳಿದಿದ್ದರೂ ಕತ್ತರಿಸದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಸೆಂಟರಿನ ಎರಡನೆಯ ಕೀಲಿಯನ್ನು ಮೇಡಂ ಅವರ ಅಂಗಡಿಯ ಮೊಳೆಗೆ ತೂಗುಹಾಕಿದ್ದರು. ಅಷ್ಟು ವಿಶ್ವಾಸ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಹಳ್ಳಿಯಿಂದ ಬರುವ ಹುಡುಗರು ಹೊಲಕ್ಕೆ ಹೆಸರುಕಾಯಿ ಬಿಡಿಸಲು ಹೋದರು, ಮಧ್ಯಾಹ್ನದ ಕ್ಲಾಸುಗಳು ಅರ್ಧ ಖಾಲಿ. ಮೇಡಂ ಅವರ ತಮ್ಮ ಹುಬ್ಬಳ್ಳಿಗೆ ಓದಲು ಹೋಗುವ ಮುಂಚೆ ಮೂಲೆಯ ಯಂತ್ರದಲ್ಲಿ ಒಂದು ಆಟ ಹಾಕಿ ಹೋಗಿದ್ದ. ಅದರಲ್ಲಿ ನಾವು ಯಾರಾಗಿ ಆಡುತ್ತೇವೋ ಅವನ ಮುಖ ಕಾಣುವುದಿಲ್ಲ. ಕೆಳಗೆ ಅವನ ಬಂದೂಕು, ಎದುರಿಗೆ ಅವನ ಕಣ್ಣಿಗೆ ಕಾಣುವ ಜಗತ್ತು. ಕಾಲೇಜು ಹುಡುಗರು ಎರಡು ದಿನ ಆಡಿ, ಬಹಳ ಕಷ್ಟ ಎಂದು ಕಾರು ಓಡಿಸುವ ಆಟಕ್ಕೆ ಹೋಗಿದ್ದರು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದೆ ಬೇಸತ್ತ ಟೇಲರ್ ಮಾಮಾ ಚಹಾ ಹಿಡಿದುಕೊಂಡು ಮೇಲೆ ಬಂದರು. ಮೂಲೆಯ ಪರದೆಯನ್ನು ನೋಡಿ, "ಇದ್ಯಾವ ಊರಬೇ ಮಗಳಾ?" ಎಂದು ಮೇಡಂ ಅವರನ್ನು ಕೇಳಿದರು.

"ಸುಳ್ಳ ಊರು ಮಾಮಾ. ದೊಡ್ಡ ಯುದ್ಧದಾಗ ಸೋತವ್ರು ಇದರಾಗ ಗೆದ್ದಾರ. ಈಗ ಎಲ್ಲಾ ದೇಶಾನೂ ಅವರದ ಹುಕುಂ."

ನಾನು ಹತ್ತಿರ ಹೋಗಿ ನೋಡಿದೆ. ನಮ್ಮ ಹೈಸ್ಕೂಲಿನ ಇತಿಹಾಸವೆಲ್ಲ ಅಲ್ಲಿ ತಿರುವುಮುರುವಾಗಿತ್ತು. ಕಬ್ಬಿಣದ ಸೈನಿಕರು, ಕಬ್ಬಿಣದ ನಾಯಿಗಳು, ಬೀದಿಗೆ ಬೀದಿಯೇ ಕತ್ತಲು. ದೀಪ ಹಚ್ಚುವುದೇ ಅಪರಾಧ. ಜನ ತಮ್ಮ ಕಂದೀಲುಗಳನ್ನು ಗೋಡೆಯ ಹಿಂದೆ, ನೆಲದ ಕೆಳಗೆ ಬಚ್ಚಿಟ್ಟಿದ್ದರು. ಜೀವನವಿಡೀ ಮೊಳೆಗಳ ಮೇಲೆ ಅಕ್ಷರಗಳನ್ನು ಉಲ್ಟಾ ಓದಿದವನಿಗೆ ಇಂಥ ಉಲ್ಟಾ ಜಗತ್ತು ಏಕೋ ಒಮ್ಮೆಲೇ ಹಿಡಿಸಿತು.

ಮಾಮಾ ಬೇರೆಯದೇ ವಿಚಾರದಲ್ಲಿದ್ದರು. "ಹಂಗಾರ ಅಲ್ಲೆ ಗದಗ ಇನ್ನೂ ಧಾರವಾಡ ಜಿಲ್ಲಾದಾಗನ ಐತೇನ? ಒಂದ ಸಹಿ ಹಾಕಿಸಾಕ ಇನ್ನೂ ಅಲ್ಲೀತನಕ ಹೋಗಬೇಕೇನ?"

"ಅಲ್ಲೆ ಗದಗನ ಇಲ್ಲ ಮಾಮಾ. ಬರೇ ಅವರ ಪಹರೆ ಚೌಕಿ."

"ಏ, ಗದಗ ಇಲ್ಲಂದ್ರ ಹೆಂಗ? ಫಕೀರಪ್ಪಾ, ಬಾರಲೇ ಇಲ್ಲೆ. ಇವರನ್ನ ಮುಗಸಾಕ ಬೇಕು," ಎಂದು ನನ್ನನ್ನು ಕರೆದರು.

ಮೇಡಂ ನಕ್ಕು ನಕ್ಕು ಎರಡು ಕುರ್ಚಿ ಹಾಕಿಕೊಟ್ಟರು. "ಮಷಿನ್ ಸುಮ್ನ ಕುಂತೈತಿ, ಆಡ್ರಿ. ಆದ್ರ ನಾ ಇದ್ದಾಗ ಮಾತ್ರ."

ಮೊದಲ ದಿನ ನನಗೆ ತಲೆ ತಿರುಗಿ ನಿಂಬೆಕಾಯಿ ಉಪ್ಪಿನಕಾಯಿ ನೆಕ್ಕಬೇಕಾಯಿತು. ಮಾಮಾ ಆಡಿದ ಮನುಷ್ಯ ಗೋಡೆಗೆ ಮುಖ ಹಚ್ಚಿ ನಿಂತವನು ತಿರುಗಲೇ ಇಲ್ಲ, ಹಿಂದಿನಿಂದ ಬಂದ ಸೈನಿಕರು ಅವನನ್ನು ಆರಾಮಾಗಿ ಕೊಂದರು. ಎಡಗೈಯಲ್ಲಿ ನಡೆಸಬೇಕು, ಬಲಗೈಯಲ್ಲಿ ಗುರಿ ಹಿಡಿಯಬೇಕು. ಈ ವಯಸ್ಸಿಗೆ ಎರಡು ಕೈಗೆ ಎರಡು ಕೆಲಸ ಹೇಳಿದರೆ ಎರಡೂ ಕೇಳುವುದಿಲ್ಲ.

ಉಪಾಯ ಮಾಮಾ ಅವರದೇ. "ಲೇ, ನಿಮ್ಮ ಸೊರಟೂರಾಗ ಬಿತ್ತಿಗಿ ಹೆಂಗ ಮಾಡ್ತಾರ? ಒಬ್ಬಾವ ಎತ್ತು ಹೊಡೀತಾನ, ಒಬ್ಬಾಕಿ ಕೂರಿಗಿಗೆ ಕಾಳು ಬಿಡ್ತಾಳ. ಇಬ್ಬರದೂ ಒಬ್ಬಾವನ ಮಾಡ್ತಾನೇನ? ಇದನ್ನೂ ಹಂಗ ಮಾಡೂಣು."

"ಹಂಗಾರ ಕಾಲು ನಿಮಗ ಮಾಮಾ. ಜಿಂದಗಿ ಪೂರ್ತಿ ಮಷಿನ್ ತುಳದೀರಿ."

"ತುಳದು ತುಳದು ಸಾಕಾಗೇತಿ. ಕಾಲು ನೀ ತಗೋ. ಸೂಜ್ಯಾಗ ದಾರ ಪೋಣಿಸೋ ಕೈ ಇದು, ಬಂದೂಕು ನನಗಿರ್ಲಿ."

ಹಾಗೆ ಕಾಲು ನನ್ನದಾಯಿತು, ಬಂದೂಕು ಅವರದಾಯಿತು. ಕೀಬೋರ್ಡಿನಲ್ಲಿ ನಡೆಸುವ ನಾಲ್ಕು ಗುಂಡಿಗಳ ಮೇಲೆ ಮಾಮಾ ತಮ್ಮ ಸೀಮೆಸುಣ್ಣದಿಂದ ಗುರುತು ಹಾಕಿದರು, ನನ್ನ ಬೆರಳು ದಾರಿ ತಪ್ಪಬಾರದೆಂದು. ಒಂದು ಮೈ, ಇಬ್ಬರು ಮನುಷ್ಯರು. ಆ ಮೈ ಮೊದಲ ವಾರ ಕುಡುಕನಂತೆ ನಡೆಯಿತು. ನಾನು ಮುಂದೆ ಹೋದರೆ ಅವರು ಪಕ್ಕಕ್ಕೆ ನೋಡುತ್ತಿದ್ದರು. ಅವರು ಮೇಲೆ ಗುರಿ ಇಟ್ಟರೆ ನಾನು ಹೊಂಡಕ್ಕೆ ಬೀಳುತ್ತಿದ್ದೆ.

"ಎಲ್ಲೆ ಒಯ್ಯಾಕತ್ತೀಯೋ ನನ್ನ?"

"ನೀವು ಆಕಾಶ ನೋಡ್ಕೋಂತ ಕುಂತ್ರ ನಾ ಎಲ್ಲೆ ಒಯ್ಯಲಿ?"

"ನಿಂದರಲೇ! ಎಡಕ್ಕ, ಎಡಕ್ಕ! ಅದು ಬಲಾ!"

ನಮ್ಮ ಜಗಳ ಕೇಳಲೆಂದೇ ಹುಡುಗಿಯರು ಟೈಪಿಂಗ್ ಬಿಟ್ಟು ನಮ್ಮ ಹಿಂದೆ ಬಂದು ನಿಲ್ಲುತ್ತಿದ್ದರು. ಶ್ರಾವಣ ಬರುವಷ್ಟರಲ್ಲಿ ಮಾತೇ ಬೇಡವಾಯಿತು. ಮಾಮಾ ಉಸಿರು ಹಿಡಿದರೆ ನಾನು ನಿಲ್ಲುತ್ತಿದ್ದೆ. ನಾನು ಬಗ್ಗಿದರೆ ಅವರು ಗುಂಡು ಹಾರಿಸುತ್ತಿದ್ದರು. ಪರದೆಯ ಕೆಳಗೆ ಬರುವ ಇಂಗ್ಲಿಷನ್ನು ನಾನು ಕೂಡಿಸಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ತಿಳಿಯದ ಕಡೆ ಮೇಡಂ ಹೇಳುತ್ತಿದ್ದರು. ಕರೆಂಟು ಹೋದಾಗ ಯುಪಿಎಸ್ ಕೂಗುತ್ತಿತ್ತು, ನಾವು ಓಡಿ ಯಾವುದಾದರೂ ಗೋಡೆಯ ಮರೆಗೆ ನಿಂತು ಅಲ್ಲಿಯ ತನಕದ ಆಟವನ್ನು ಯಂತ್ರದಲ್ಲಿ ಕಾಯ್ದಿಡುತ್ತಿದ್ದೆವು. ಆಮೇಲೆ ಕೆಳಗಿಳಿದು ಮಿರ್ಚಿ, ಗಿರಮಿಟ್ ತಿನ್ನುತ್ತ ಕಬ್ಬಿಣದ ನಾಯಿಯನ್ನು ಹೇಗೆ ಹೊಡೆಯಬೇಕೆಂದು ಮಾತಾಡುವುದು. ಚುರುಮುರಿ ಕಲಸುವವನು ಬೆರಗಾಗಿ, "ಯಾವ ಓಣ್ಯಾಗ್ರಿ ಆ ನಾಯಿ?" ಎಂದು ಒಮ್ಮೆ ಕೇಳಿದ.

ಮಾಮಾ ಅವರ ಹಟ ಒಂದೇ: ಬಚ್ಚಿಟ್ಟ ಕಂದೀಲುಗಳನ್ನೆಲ್ಲ ಹುಡುಕಿ ಹಚ್ಚಬೇಕು. ಒಂದು ಊರಿನಲ್ಲಿ ಒಂದು ಉಳಿದರೂ ಮುಂದಿನ ಊರಿಗೆ ಬಿಡುತ್ತಿರಲಿಲ್ಲ. "ಹೊಲಿಗಿ ಬಿಟ್ಟು ಇಸ್ತ್ರಿ ಮಾಡಿದಂಗ ಆಕೈತಿ, ತಿರುಗಿ ಹೋಗು" ಎನ್ನುತ್ತಿದ್ದರು. ನನಗೆ ಮಾತ್ರ ಕಥೆಯ ಕೊನೆ ನೋಡುವ ಆತುರ. ಅದಕ್ಕೆ ಕಾರಣವಿತ್ತು. ಛಾಪಖಾನೆಯಲ್ಲಿ ಒಂದು ಕಾದಂಬರಿ ಬಂದರೆ ಹಾಳೆಗಳನ್ನು ನಾಲ್ಕೈದು ಮಂದಿಗೆ ಹಂಚುತ್ತಿದ್ದರು. ಕೊನೆಯ ಪುಟಗಳು ಯಾವಾಗಲೂ ಹಿರಿಯ ಕಂಪೋಜಿಟರನಿಗೆ. ನಾನು ಎಷ್ಟೋ ಕಥೆಗಳ ನಡುವಿನ ಪುಟಗಳನ್ನು ಒಂದೊಂದೇ ಅಕ್ಷರ ಆರಿಸಿ ಜೋಡಿಸಿದ್ದೇನೆ, ಆ ಮನೆಯ ಮಗಳ ಮದುವೆ ಆಯಿತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ.

ನಾವು ಕೊನೆಯ ಅರಮನೆಯ ಬಾಗಿಲಿಗೆ ಬಂದು ನಿಂತಾಗಲೇ ಮಾಮಾ ಊರಿಗೆ ಹೋಗಬೇಕಾಗಿ ಬಂತು. ಅವರ ತಂಗಿಯ ಮಗನ ಮದುವೆ, ಮನೆಮಂದಿಯ ಬಟ್ಟೆಯೆಲ್ಲ ಅವರ ಕೈಯದೇ. ಮುಂಡರಗಿಯ ಬಸ್ಸು ಹತ್ತುವ ಮುಂಚೆ ಮೇಲೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಾ ಬರೂತನಕ ಒಂದ ಹೆಜ್ಜಿನೂ ಇಡಬ್ಯಾಡ. ಇಬ್ಬರೂ ಕೂಡೆ ಮುಗಸೂಣು. ಆತ?"

"ಆತ್ರಿ ಮಾಮಾ. ಕಾಲು ಕಟ್ಟಿ ಇಟ್ಟಿರ್ತೀನಿ."

ಮದುವೆ ಮುಗಿದರೂ ಮಾಮಾ ಬರಲಿಲ್ಲ. ಮಳೆ ಹೆಚ್ಚಾಗಿ ರಸ್ತೆ ಕೆಟ್ಟಿತು ಎಂದು ಖಬರ ಬಂತು. ನಾನು ದಿನಾಲೂ ಬೆಳಿಗ್ಗೆ ಕಸ ಗುಡಿಸಿ, ಆ ಮೂಲೆಯ ಕಪ್ಪು ಪರದೆಯ ಮುಂದೆ ಪೊರಕೆ ಹಿಡಿದು ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಕದ ಒಳಗಿನಿಂದ ಮುಚ್ಚಿ ಯಂತ್ರ ಚಾಲೂ ಮಾಡಿದೆ. ಶಿರಹಟ್ಟಿಯ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು.

ಮೊದಮೊದಲು ಸತ್ತದ್ದೇ ಸತ್ತದ್ದು. ಆದರೆ ಛಾಪಖಾನೆಯಲ್ಲಿ ಎಡಗೈಯಲ್ಲಿ ಮೊಳೆ ಕೂರಿಸುವ ಪಟ್ಟಿ ಹಿಡಿದು ಬಲಗೈಯಲ್ಲಿ ಮೊಳೆ ಆರಿಸಿದವನಲ್ಲವೇ, ಕೆಲವು ಬೆಳಗುಗಳಲ್ಲಿ ಕೈಗಳು ಹೊಂದಿಕೊಂಡವು. ಒಮ್ಮೆ ನಡುವೆ ಕರೆಂಟು ಹೋಗಿ ಯುಪಿಎಸ್ ಕೂಗಿದಾಗ ನನ್ನ ಎದೆಯೇ ಕೂಗಿದಂತಾಯಿತು. ಆದರೂ ಬಿಡಲಿಲ್ಲ. ಕಂದೀಲು ಹುಡುಕುವ ತಾಳ್ಮೆ ನನಗೆಲ್ಲಿದೆ? ಎಡಗಡೆಯ ಮೆಟ್ಟಿಲಲ್ಲಿ ಓಡಿದೆ, ಕುಲುಮೆಯ ಹಿಂದಿನಿಂದ ಜಿಗಿಯುವ ನಾಯಿಯನ್ನು ಬಗ್ಗಿ ತಪ್ಪಿಸಿದೆ, ಸರ್ವಾಧಿಕಾರಿಯ ಗೋಪುರ ಕೆಡವಿದೆ. ಗೋಪುರವೇನೋ ಬಿತ್ತು. ಊರು ಮಾತ್ರ ಕತ್ತಲಲ್ಲೇ ಇತ್ತು. ಪರದೆಯ ಮೇಲೆ, ಆಟ ಮುಗಿಯಿತು, ಆದರೆ ಅಪೂರ್ಣ ಎಂಬರ್ಥದ ಮಾತು ಬಂತು. ಉಪ್ಪಿಲ್ಲದ ಸಾರು ಉಂಡಂತಾಯಿತು. ನಮ್ಮಿಬ್ಬರ ಜಾಗ ಅರಮನೆಯ ಬಾಗಿಲಲ್ಲಿ ಇದ್ದ ಹಾಗೇ ಇತ್ತು, ನಾನು ನನ್ನ ಆಟವನ್ನು ಬೇರೆ ಹೆಸರಲ್ಲಿ ಕಾಯ್ದಿಡುತ್ತ ಆಡಿದ್ದೆ. ಯಂತ್ರ ಆರಿಸಿ, ಬಟ್ಟೆಯಿಂದ ಒರೆಸಿ, ಊದಿನಕಡ್ಡಿ ಹಚ್ಚಿದೆ.

ಮಾಮಾ ಮದುವೆಯ ಲಾಡು ಕಟ್ಟಿಕೊಂಡು ಬಂದರು. "ಕಾಲು ಬಿಚ್ಚಲೇ ಫಕೀರಪ್ಪಾ, ನಡಿ," ಎಂದರು. ನಾನು ಲಾಡು ತಿಂದೆ, ಬಾಯಿ ಒರೆಸಿಕೊಂಡು ಕುಳಿತೆ. ಆ ಹೊತ್ತಿಗೆ ಪಕ್ಕದಲ್ಲಿ ಕ್ಲಾಸು ನಡೆದಿದ್ದರಿಂದ ಮೇಡಂ ನಮ್ಮ ಆಟದ ಸ್ಪೀಕರ್ ಬಂದ್ ಮಾಡಿಸಿದ್ದರು.

ಅರಮನೆಯೊಳಗೆ ಮೂರು ದಾರಿ. ಮಾಮಾ ಯಾವುದು ಎಂದು ಕೇಳುವಷ್ಟರಲ್ಲಿ ನನ್ನ ಬೆರಳು ಎಡಗಡೆಯ ಮೆಟ್ಟಿಲು ಹತ್ತಿಸಿತ್ತು. ಕುಲುಮೆಯ ಹತ್ತಿರ ನಾಯಿ ಜಿಗಿಯುವ ಮೊದಲೇ ಬಗ್ಗಿಸಿತ್ತು. ನಾಯಿ ನಮ್ಮ ತಲೆಯ ಮೇಲಿಂದ ಹಾರಿ ಗೋಡೆಗೆ ಬಡಿಯಿತು. ಮೌಸಿನ ಮೇಲೆ ಮಾಮಾ ಅವರ ಕೈ ನಿಂತುಬಿಟ್ಟಿತು.

"ನಾಯಿ ಐತಂತ ನಿನಗ ಹೆಂಗ ಗೊತ್ತಾತೋ?"

"ಸಪ್ಪಳಾ ಕೇಳ್ತ್ರಿ."

ಮಾಮಾ ಬಂದ್ ಆಗಿದ್ದ ಸ್ಪೀಕರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, "ಭಾರಿ ಕಿವಿ ಅದಾವ ಬಿಡು ನಿನಗ. ನಡಿ, ಈ ಅರಮನ್ಯಾಗ ಕಂದೀಲ ಹುಡುಕೂಣು," ಎಂದರು. ಅಷ್ಟೇ.

ಕಂದೀಲು ಹುಡುಕುವುದರಲ್ಲೇ ಮತ್ತೆ ಕೆಲವು ಮಧ್ಯಾಹ್ನಗಳು ಹೋದವು. ಕೊನೆಯ ಕಂದೀಲು ಸರ್ವಾಧಿಕಾರಿಯ ಸಿಂಹಾಸನದ ಹಿಂದೆಯೇ ಇತ್ತು. ನಾನು ಒಬ್ಬನೇ ಬಂದಾಗ ಅದರ ಪಕ್ಕದಲ್ಲೇ ಓಡಿ ಹೋಗಿದ್ದೆ. ಈ ಸಲ ಗೋಪುರ ಬಿದ್ದಾಗ ಮೊದಲು ಒಂದು ಕಿಟಕಿಯಲ್ಲಿ ಬೆಳಕು ಬಂತು. ಆಮೇಲೆ ಓಣಿಗೆ ಓಣಿ, ಪೇಟೆಗೆ ಪೇಟೆ, ನಾವು ಮಳೆಗಾಲವಿಡೀ ದಾಟಿ ಬಂದ ಊರುಗಳೆಲ್ಲ ಬೆಳಗುತ್ತ ಹೋದವು. ಹಿಂದೆ ನಿಂತಿದ್ದ ಹುಡುಗ ಹುಡುಗಿಯರೆಲ್ಲ ನಮ್ಮೂರಲ್ಲಿ ಕರೆಂಟು ತಿರುಗಿ ಬಂದಾಗ ಕೂಗುವಂತೆಯೇ "ಹೋ! ಲೈಟ್ ಬಂತೋ!" ಎಂದು ಕೂಗಿದರು. ಮಾಮಾ ಮೌಸು ಬಿಟ್ಟು ಎರಡೂ ಕೈ ಮೇಲೆತ್ತಿ ಕುರ್ಚಿಯಲ್ಲೇ ಕುಣಿದರು. ನಾನೂ ಕುಣಿದೆ. ಅಂಥ ಸಂತೋಷ ಮುಂದೆ ನನಗೆ ಸಿಕ್ಕಿದ್ದು ಕಡಿಮೆ.

ಮೇಡಂ ಚಪ್ಪಾಳೆ ತಟ್ಟುತ್ತ ಬಂದು ಗುಂಡಿ ಒತ್ತಿದರು. ಆಟ ಮುಗಿಸಿದ ದಾಖಲೆ ತೋರಿಸುವ ಪುಟ ಬಂತು. ಅದರಲ್ಲಿ ಎರಡು ಸಾಲುಗಳಿದ್ದವು. ಮೇಲಿನದು ಪೂರ್ಣ, ಕೆಳಗಿನದು ಅಪೂರ್ಣ. ಮೇಡಂ ಅವರ ಚಪ್ಪಾಳೆ ನಿಂತಿತು.

"ಇದ್ಯಾರು ಇನ್ನೊಬ್ರು? ನಾ ದಿನಾ ಇಲ್ಲೇ ಇರ್ತೀನಿ, ಯಾರೂ ಮುಗಿಸಿಲ್ಲ. ನಾ ಇಲ್ಲದಾಗ ಮಷಿನ್ ಯಾರು ಚಾಲೂ ಮಾಡ್ಯಾರ?"

ಕೀಲಿ ನನ್ನ ಕಿಸೆಯಲ್ಲಿ ಭಾರವಾಗಿ ತೂಗುತ್ತಿತ್ತು. ಮೇಡಂ ನನ್ನ ಕಡೆ ತಿರುಗುವಷ್ಟರಲ್ಲಿ ಟೇಲರ್ ಮಾಮಾ ಕೆಮ್ಮಿದರು.

"ನಾನಬೇ ಮಗಳಾ. ಊರಿಗೆ ಹೋಗೂಕಿಂತ ಮೊದ್ಲ ಒಂದೆರಡ ಮುಂಜಾನಿ ಬಂದಿದ್ದೆ. ಎರಡನೇ ಕೀಲಿ ನನ್ನ ಅಂಗಡ್ಯಾಗನ ಇರ್ತೈತಲ್ಲ. ತಡಕೊಳ್ಳಾಕ ಆಗ್ಲಿಲ್ಲ."

"ಮಾಮಾ, ನೀವಾ?"

"ಮುದುಕನ ಬುದ್ಧಿ. ತಪ್ಪಾತು."

ಹಿರಿಯರನ್ನು ಬೈಯಲು ಮೇಡಂ ಅವರಿಗೆ ಮನಸ್ಸಾಗಲಿಲ್ಲ. ಆದರೆ ಕೆಳಗಿಳಿದು ಹೋಗಿ ಮೊಳೆಯಿಂದ ಆ ಕೀಲಿಯನ್ನು ತೆಗೆದುಕೊಂಡು ಬಂದರು. ಮಾಮಾ ತಲೆ ತಗ್ಗಿಸಿ ನಗುತ್ತಲೇ ಇದ್ದರು. ಒಂದು ದಾರದ ತುದಿಯನ್ನೂ ಬಿಡದ ಮನುಷ್ಯ ಅಷ್ಟು ಕಂದೀಲುಗಳನ್ನು ಬಿಟ್ಟು ಓಡಿದ್ದಾನೆಂದರೆ ಯಾರಾದರೂ ನಂಬಬಹುದೇ? ಎಲ್ಲರೂ ನಂಬಿದರು. ನಂಬುವಂತೆ ಮಾಡಿದವನು ನಾನು. ಆ ಬಿಗುವನ್ನು ಸಡಿಲಿಸಬೇಕೆಂದೋ, ನನ್ನ ಕಡೆ ಯಾರೂ ನೋಡಬಾರದೆಂದೋ, ದೊಡ್ಡದಾಗಿ ನಕ್ಕು, "ಇವರು ಟೇಲರ್ ಮಾಮಾ ಅಲ್ರಿ, ಅರ್ಧಾ ಮಾಮಾ!" ಎಂದುಬಿಟ್ಟೆ.

ಕೋಣೆಯೆಲ್ಲ ನಕ್ಕಿತು. ಮಾಮಾ ಕೂಡ ನಕ್ಕರು. ಆದರೆ ನಗುವ ಮುಂಚೆ ಒಂದು ಸಲ ನನ್ನ ಮುಖ ನೋಡಿದರು.

ಆ ಹೆಸರು ಮೆಟ್ಟಿಲಿಳಿದು ಓಣಿಗೆ ಹೋಯಿತು. ದಸರೆಯ ಹೊತ್ತಿಗೆ ಗಿರಾಕಿಗಳು, "ಅರ್ಧಾ ಮಾಮಾ, ನನ್ನ ಪ್ಯಾಂಟಿಗೆ ಎರಡೂ ಕಾಲು ಹೊಲೀರಿ ಮತ್ತ!" ಎನ್ನುತ್ತಿದ್ದರು. ಮಾಮಾ, "ಒಂದ ಕಾಲು ಹೊಲೀತೀನಿ, ಇನ್ನೊಂದು ಫಕೀರಪ್ಪನ ಹತ್ರ ಐತಿ, ಇಸಕೋ ಹೋಗು," ಎಂದು ತಿರುಗಿ ಕೊಡುತ್ತಿದ್ದರು. ಅದರ ಅರ್ಥ ನನ್ನೊಬ್ಬನಿಗೇ ಗೊತ್ತಿತ್ತು. ನನ್ನ ಕೀಲಿ ಉಳಿಯಿತು, ಮೇಡಂ ಸೆಂಟರು ಮುಚ್ಚುವ ತನಕ ನನ್ನ ಕೆಲಸವೂ ಉಳಿಯಿತು. ಸಂಜೆ ಇಬ್ಬರೂ ಮೊದಲಿನ ಹಾಗೆಯೇ ಚಹಾ ಕುಡಿಯುತ್ತಿದ್ದೆವು. ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಆ ಚಹಾ ಮೊದಲಿನಂತೆ ಇರುವುದಿಲ್ಲ ಎಂದು ಹೆದರಿದೆ.

ಲಕ್ಷ್ಮೇಶ್ವರದ ಅಂಗಡಿಯಲ್ಲಿ ಆ ಯುಪಿಎಸ್ ಕೂಗು ಕೇಳಿದ ಮರುದಿನವೇ ಮುಂಡರಗಿಗೆ ಹೋದೆ. ಮಾಮಾ ಅಂಗಡಿ ಮುಚ್ಚಿ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂದ, ನಾಲಿಗೆ ಮಾತ್ರ ಹರಿತ. "ಬಂದೇನೋ ಕಾಲು!" ಎಂದು ಪಡಸಾಲೆಯಿಂದಲೇ ಕೂಗಿದರು. ಇಂದು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಕುಳಿತೆ. ಅಷ್ಟರಲ್ಲಿ ಚಹಾ ತಂದ ಮೊಮ್ಮಗಳು, ಕಾಲೇಜಿಗೆ ಹೋಗುವ ಚುರುಕು ಹುಡುಗಿ, ನನ್ನನ್ನು ಕೇಳಿದಳು:

"ಕಾಕಾ, ನೀವರ ಖರೆ ಹೇಳ್ರಿ. ನಮ್ಮ ನಾನಾ ಕದ್ದು ಗೇಮ್ ಆಡಿ, ಅದನ್ನೂ ಅರ್ಧಕ್ಕ ಬಿಟ್ಟಿದ್ರಂತ ಹೌದೇನ್ರಿ? ಮನ್ಯಾಗ ಎಲ್ಲಾರೂ ಅದನ್ನ ಹೇಳಿ ನಗ್ತೀವಿ."

ಅವಳ ಅಜ್ಜ, ನಮ್ಮ ಮಾಮಾ, ತಮ್ಮ ಮನೆಯಲ್ಲೂ ನಿಜ ಹೇಳಿರಲಿಲ್ಲ. ಇಷ್ಟು ವರ್ಷ ತಮ್ಮ ಮಕ್ಕಳು ಮೊಮ್ಮಕ್ಕಳ ಮುಂದೆಯೂ ನನ್ನ ಅರ್ಧವನ್ನು ತಾವೇ ಹೊತ್ತುಕೊಂಡಿದ್ದರು. ನಾನು ಬಾಯಿ ತೆರೆದೆ.

"ಚಾ ಆರತೈತಿ, ಕುಡಿಯೋ," ಎಂದರು ಮಾಮಾ.

ಆ ಹುಡುಗಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೌದವ್ವಾ," ಎಂದೆ ನಾನು. ಅವಳು ನಕ್ಕಳು, ಮಾಮಾ ನಕ್ಕರು, ನಾನೂ ನಕ್ಕು ಚಹಾ ಕುಡಿದು ಬಸ್ಸು ಹತ್ತಿದೆ. ಒಂದೇ ಸುಳ್ಳನ್ನು ಎರಡನೆಯ ಸಲ ಹೇಳಿದ ಮೇಲೆ ಮನೆಗೆ ಬಂದು ಈ ಪೆನ್ನು ಹಿಡಿದಿದ್ದೇನೆ.

ಅವ್ವಾ, ನೀನು ಓದುತ್ತಿದ್ದರೆ ಕೇಳು. ಕದ್ದು ಆಡಿದವನು ನಾನು. ಅರ್ಧಕ್ಕೆ ಬಿಟ್ಟವನು ನಾನು. ನಿನ್ನ ನಾನಾನಿಗೆ ಆ ಹೆಸರಿಟ್ಟವನೂ ನಾನೇ. ಆ ಮಳೆಗಾಲದಲ್ಲಿ ಒಂದೂ ಕಂದೀಲು ಬಿಡದೆ ಹಚ್ಚಿ, ಆ ಆಟವನ್ನು ಪೂರ್ತಿ ಮುಗಿಸಿದವರು ಮುಂಡರಗಿಯ ನಬಿಸಾಬ ದಾವಲಸಾಬ ಢಾಲಾಯತ.